ಎರಡು ಸ್ಪೀಕರ್ ಸಾಕು

ಬಿಳಿಗೆರೆ
15-3-1984

ತುರುವೇಕೆರೆಯಲ್ಲಿರುವ ಯಜಮಾನರಿಗೆ,

"ಸ್ಟೀರಿಯೋಗೆ ನಾಲ್ಕು ಸ್ಪೀಕರ್ ಯಾಕೆ? ಅದ್ರಲ್ಲಿ ಎರಡು, ಒಣಗಿದ ಕೊಬ್ಬರಿ ಕಾಯಿ ಹಂಗೆ ಗಲಗಲ ಅಂತವೆ. ತೆಗೆದ್ರೆ ಸೌಂಡ್ ಏನೂ ಕಮ್ಮಿಯಾಗಕಿಲ್ಲ ಕಣೇ" ಎಂದು ಹೇಳಿ, ಆ ಎರಡನ್ನು ಮಾರುತ್ತೇನೆಂದು ಒಯ್ದಿರಿ. ಸೌಂಡ್ ಕಡಿಮೆಯಾಗಲಿಲ್ಲ, ನಿಜ.

ಸೋಮವಾರ ಚಟ್ನಿಪುಡಿ ಕೊಡಲು ನಿಮ್ಮ ರೂಮಿಗೆ ಬಂದಿದ್ದೆ. ಬಾಗಿಲು ತೆಗೆದವಳು, "ನಮ್ಮೆಜಮಾನ್ರು ಆಫೀಸಿಗೆ ಹೋಗವ್ರೆ, ಕೂತ್ಕಳಿ" ಎಂದಳು. ಅವಳ ಹಿಂದೆ, ನಾನೇ ಹೊಲಿದ ಹೂವಿನ ಗವಸು ತೊಟ್ಟು ಆ ಎರಡು ಸ್ಪೀಕರ್ ಹಾಡುತ್ತಿದ್ದವು. ಅಟ್ಟದ ಕಾಯಿ ಅಲ್ಲಾಡಿಸಿ, ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವವಳು ನಾನು. ಅವು ಗಲಗಲ ಅನ್ನುತ್ತಿರಲಿಲ್ಲ.

ಉಳಿದೆರಡನ್ನೂ ನಿಮ್ಮ ಬಟ್ಟೆಯ ಟ್ರಂಕಿನ ಜೊತೆ ನಾಳೆಯ ಬಸ್ಸಿಗೆ ಹಾಕಿಸುತ್ತೇನೆ. ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಿ. ಇಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಹೊಂಬಾಳಮ್ಮ