ಮೂರನೇ ಸೀಸನ್ನಿನ ಹದಿನಾಲ್ಕನೇ ಕಂತು

ಮೂಂಟಾ, ದಕ್ಷಿಣ ಆಸ್ಟ್ರೇಲಿಯಾ
೧೨ ಫೆಬ್ರುವರಿ ೨೦೨೩, ಭಾನುವಾರ

ಪ್ರೀತಿಯ ಟ್ಯಾಮ್ಸಿನ್,

ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ಕೈ ನಡುಗುತ್ತದೆ, ಕನ್ನಡಕ ಸಿಗಲಿಲ್ಲ, ಸೆಕೆ ತಡೆಯಲಾಗಲಿಲ್ಲ ಎಂದು ನೆಪ ಬರೆಯಬಹುದು. ಮೂರೂ ನಿಜವೇ. ಆದರೆ ಎಂಬತ್ತನಾಲ್ಕರ ಮುದುಕನಿಗೆ ಇಪ್ಪತ್ತೆರಡು ದಿನದಲ್ಲಿ ಒಂದು ಕಾಗದ ಬರೆಯಲಾಗದಷ್ಟು ಕೆಲಸ ಎಲ್ಲಿಂದ ಬರಬೇಕು? ನಾಲ್ಕು ಸಲ ಶುರುಮಾಡಿ ನಾಲ್ಕು ಸಲ ಹರಿದುಹಾಕಿದೆ. ಇದು ಐದನೆಯದು. ತಡವಾದದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದು.

ಕಾಲು ಹೇಗಿದೆ? ಐವತ್ತೊಂದನೇ ವಯಸ್ಸಿನಲ್ಲಿ ಏಣಿ ಹತ್ತಿ ಮಾಡಿನ ಅಂಚಿನ ಕಸ ತೆಗೆಯಲು ಹೋಗಿ ಬಿದ್ದೆಯಂತೆ. ಡಾರ್ವಿನ್ನಿನಂಥ ಊರಿನಲ್ಲಿ ಆ ಕೆಲಸಕ್ಕೆ ಒಬ್ಬ ಆಳು ಸಿಗಲಿಲ್ಲವೇ? ಡಡ್ಲಿ ಪೆಂಗೆಲ್ಲಿಗೆ ಹೇಳಿದೆ. ಅವನು ಏಡಿ ತುಂಬಿದ ಬಕೆಟ್ಟನ್ನು ನನ್ನ ಅಡುಗೆಮನೆಯ ನೆಲದ ಮೇಲೆ ಕುಕ್ಕಿ, "ಅಪ್ಪನ ಮಗಳೇ ಬಿಡು. ಇನ್ನೊಬ್ರ ಕೈಗೆ ಕೆಲ್ಸ ಕೊಡೋಕೆ ಇಬ್ರಿಗೂ ಜೀವ ಹೋಗುತ್ತೆ" ಎಂದ. ಎಂಬತ್ತೊಂದಾದರೂ ಬೆಳಿಗ್ಗೆ ಎದ್ದು ಕಡಲಂಚಿನ ಜೆಟ್ಟಿಗೆ ಹೋಗಿ ಏಡಿ ಹಿಡಿಯುತ್ತಾನೆ. ಶನಿವಾರ ಮಧ್ಯಾಹ್ನ ನಮ್ಮ ಮುಂಗೋಣೆಯಲ್ಲಿ ಕೂತು ವಿಡಿಯೋ ಟೇಪು ನೋಡುತ್ತಿದ್ದ ಆರು ಜನರಲ್ಲಿ ಈಗ ಉಳಿದವರು ನಾವಿಬ್ಬರೇ.

ಸರಿ, ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ಆರು ವಾರ ಮಲಗಿರಬೇಕು, ಟೀವಿಯಲ್ಲಿ 'ಆಚೆದಡ' ಸೀರಿಯಲ್ ಪೂರ್ತಿ ಸಿಕ್ಕಿದೆ, ಐದು ಸೀಸನ್, ಎಂಬತ್ತೆಂಟು ಕಂತು, ಏಳು ನೋಡಿದ್ದೇನೆ, ಅದರಲ್ಲಿ ಒಂದು ಚೆನ್ನಾಗಿದೆ, ಮಿಕ್ಕದ್ದು ಏನೆಂದೇ ತಿಳಿಯಲಿಲ್ಲ, ಮುಂದಕ್ಕೆ ನೋಡಲೇ ಬಿಡಲೇ ಎಂದು ಬರೆದಿದ್ದೀಯ. "ಅಷ್ಟು ವರ್ಷ ಅದರ ಮುಂದೆ ಕೂತವನು ನೀನು, ನಿನಗಲ್ಲದೆ ಯಾರಿಗೆ ಗೊತ್ತಿರುತ್ತದೆ" ಎಂದೂ ಬರೆದಿದ್ದೀಯ. ಆ ಮಾತಿನಲ್ಲಿ ಚುಚ್ಚು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಇದ್ದರೆ ತಪ್ಪಿಲ್ಲ.

ಒಂದೇ ಮಾತಿನ ಉತ್ತರ ಬೇಕಾದರೆ, ಬಿಡು. ಕಸ ಅದು. ಎಂಬತ್ತೆಂಟರಲ್ಲಿ ಹನ್ನೊಂದು ಕಂತು ನೋಡುವಂತಿವೆ. ಹನ್ನೊಂದು ಬಟಾಣಿಗೋಸ್ಕರ ಒಂದು ಮೂಟೆ ಸಿಪ್ಪೆ ಸುಲಿಯಬೇಕೇ?

ಮೊದಲ ಸೀಸನ್ನಿನಲ್ಲಿ ಆ ಅಂತರಿಕ್ಷ ನೌಕೆಯ ಜನ ಮನೆಯ ದಾರಿ ತಪ್ಪಿ ಎಲ್ಲೋ ಹೋಗಿಬಿದ್ದಿದ್ದಾರೆ, ಊರಿಗೆ ಮರಳಬೇಕು. ಅಷ್ಟರಮಟ್ಟಿಗೆ ಸರಿ. ಆದರೆ ಆ ಕ್ಯಾಪ್ಟನ್ನನ್ನು ನೋಡು. ಕಷ್ಟ ಬಂದಾಗಲೆಲ್ಲ ಗೋಡೆಯ ಮೇಲೆ ಕೈಯಿಟ್ಟು ನೌಕೆಯ ಜೊತೆ ಮಾತಾಡುತ್ತಾನೆ. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ನೋಡಬೇಕಪ್ಪ, ತಲೆ ಸವರಿದರೆ ಸರಿಹೋಗುತ್ತದೆಯೇ? ನಲವತ್ತು ವರ್ಷ ಟೀವಿ, ವಿಸಿಆರ್ ರಿಪೇರಿ ಮಾಡಿದ್ದೇನೆ, ಒಂದೂ ಸವರಿದ್ದಕ್ಕೆ ಓಡಲಿಲ್ಲ. ಎರಡನೇ ಸೀಸನ್ನಿನಲ್ಲಿ ಬರೆಯುವವರು ಯಾರೋ ಬದಲಾದರು, ಆರು ಕಂತು ಬೆಂಕಿಯಂತಿವೆ. ಮೂರರಲ್ಲಿ ದುಡ್ಡು ಖಾಲಿ. ಒಂದೇ ಓಣಿಗೆ ಒಂದು ವಾರ ಹಸಿರು ದೀಪ, ಇನ್ನೊಂದು ವಾರ ಕೆಂಪು ದೀಪ ಹಾಕಿ ಎರಡು ಗ್ರಹ ಎಂದರು. ಒಂದು ಕಂತಿನಲ್ಲಂತೂ ಐದು ಜನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ಹಳೆಯ ಕಂತುಗಳನ್ನೇ ನೆನಪಿಸಿಕೊಳ್ಳುತ್ತಾರೆ. ನಾವು ಮರೆಯಲು ಒದ್ದಾಡುತ್ತಿದ್ದುದನ್ನು ಅವರು ಜ್ಞಾಪಿಸಿದರು.

ಇನ್ನು ಹದಿನಾಲ್ಕನೇ ಕಂತು, ಪಾಚಿಯದು. ಕ್ಯಾಪ್ಟನ್ ಒಂದು ಗ್ರಹದಲ್ಲಿ ಇಳಿದು ಪಾಚಿ ತುಳಿಯುತ್ತಾನೆ. ಆ ಪಾಚಿಗೆ ಬುದ್ಧಿಯಿದೆ, ಕಾನೂನಿದೆ, ನ್ಯಾಯಾಲಯವಿದೆ. ಉಳಿದ ಸಮಯವೆಲ್ಲ ಅವನು ಪಾಚಿಯ ಮುಂದೆ ನಿಂತು ತಾನು ತುಳಿದೆನೋ ಇಲ್ಲವೋ ಎಂದು ಸುತ್ತಿ ಬಳಸಿ ಮಾತಾಡುತ್ತಾನೆ. ಮೊದಲ ಐದು ನಿಮಿಷದಲ್ಲಿ "ತುಳಿದೆ, ತಪ್ಪಾಯ್ತು" ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಇಂಥ ಹೇಡಿಯನ್ನು ನಾಯಕ ಮಾಡಿದವರಿಗೆ ನಾಚಿಕೆಯಾಗಬೇಕು. ಪಾಚಿ ಎಂದರೆ ನೆಲ ಒರೆಸುವ ಹಳೆಯ ಬಟ್ಟೆಗಳಿಗೆ ಹಸಿರು ಬಣ್ಣ ಬಳಿದದ್ದು, ದಾರ ಕಾಣುತ್ತದೆ.

ನಾಲ್ಕು, ಐದರ ಬಗ್ಗೆ ಡಡ್ಲಿ ಬೇರೆಯೇ ರಾಗ ಹಾಡುತ್ತಾನೆ. "ಮೂರನ್ನ ಹೇಗೋ ದಾಟಿಸ್ಬಿಡು ಅನ್ನು ಹುಡುಗಿಗೆ. ನಾಲ್ಕರಲ್ಲಿ ಬಂಗಾರ ಇದೆ" ಎಂದ.

"ಬಂಗಾರ ಅಲ್ಲ, ಹಿತ್ತಾಳೆ" ಎಂದೆ.

"ನೀನು ಬೈಕೊಂಡು ಬೈಕೊಂಡೇ ಮೂರು ಸಲ ಪೂರ್ತಿ ನೋಡಿದೀಯಲ್ಲೋ ವರ್ನ್. ಇಷ್ಟ ಇಲ್ದಿದ್ರೆ ಯಾವನಾದ್ರೂ ನೋಡ್ತಾನಾ?"

ನಾನು ಏಡಿ ಬೇಯಿಸಲು ನೀರಿಟ್ಟೆ. ಕೊನೆಯ ಕಂತಿನಲ್ಲಿ ಏನಾಗುತ್ತದೆ ಎಂದು ಹೇಳಿ ನಿನ್ನ ಖುಷಿ ಕೆಡಿಸುವುದಿಲ್ಲ. ಕೆಡುವಷ್ಟು ಖುಷಿ ಅದರಲ್ಲಿಲ್ಲ ಎಂದಷ್ಟೇ ಹೇಳುತ್ತೇನೆ.

ಈಗಿನವರಿಗೆ ಸುಲಭ, ಗುಂಡಿ ಒತ್ತಿದರೆ ಎಂಬತ್ತೆಂಟೂ ಸಾಲಾಗಿ ಬಂದು ನಿಲ್ಲುತ್ತವೆ. ನಮಗೆ ಆ ಕಸವನ್ನು ಸಂಪಾದಿಸಲೂ ಬೆವರು ಹರಿಯಬೇಕಿತ್ತು. ಕ್ರಿಕೆಟ್ ಉದ್ದವಾದರೆ ಕಂತು ಹಿಂದಕ್ಕೆ ಹೋಗುತ್ತಿತ್ತು. ಟೆನಿಸ್ ಬಂದರೆ ಮಾಯ. ನಾನು ರಿಮೋಟ್ ಹಿಡಿದು ಕೂತು ಪ್ರತಿ ಜಾಹೀರಾತಿಗೂ ನಿಲ್ಲಿಸಿ, ಮುಗಿದೊಡನೆ ಮತ್ತೆ ಶುರುಮಾಡುತ್ತಿದ್ದೆ. ನನ್ನ ಟೇಪಿನಲ್ಲಿ ಒಂದು ಸೋಪಿನ ಜಾಹೀರಾತೂ ಸಿಗದು. ಡಡ್ಲಿ ನನ್ನ ಹೆಬ್ಬೆರಳಿಗೆ ವಿಮೆ ಮಾಡಿಸಬೇಕು ಎನ್ನುತ್ತಿದ್ದ. ಹೊಸ ಕ್ಯಾಸೆಟ್ ದುಬಾರಿ, ಹಾಗಾಗಿ ಅಂಗಡಿಯಲ್ಲಿ ಗಿರಾಕಿಗಳು ಬೇಡವೆಂದು ಬಿಟ್ಟುಹೋದವನ್ನೆಲ್ಲ ಬುಟ್ಟಿ ತುಂಬ ತರುತ್ತಿದ್ದೆ. ಕ್ಯಾಸೆಟ್ಟಿನ ಬೆನ್ನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಂಡಿತ್ತಲ್ಲ, ನೆನಪಿದೆಯೇ? ಅದನ್ನು ಮುರಿದುಬಿಟ್ಟರೆ ಮೇಲೆ ಇನ್ನೊಂದು ರೆಕಾರ್ಡ್ ಆಗುತ್ತಿರಲಿಲ್ಲ. ಆ ತೂತಿನ ಮೇಲೆ ಅಂಟುಪಟ್ಟಿ ಹಚ್ಚಿದರೆ ಯಂತ್ರ ಮೋಸಹೋಗುತ್ತಿತ್ತು. ನನ್ನ ಜೇಬಿನಲ್ಲಿ ಅಂಟುಪಟ್ಟಿಯ ಸುರುಳಿ ಸದಾ ಇರುತ್ತಿತ್ತು. ತೂತು ಕಂಡರೆ ಕೈ ತಾನಾಗಿ ಹಚ್ಚುತ್ತಿತ್ತು, ಕಣ್ಣು ನೋಡುವ ಮೊದಲೇ.

ನಿನ್ನ ಕಾಗದದ ಕೊನೆಯಲ್ಲಿ ಬರೆದ ನಾಲ್ಕು ಸಾಲನ್ನು ನಾನು ಹಲವು ಸಲ ಓದಿದೆ. "ಅದರ ಶುರುವಿನ ರಾಗ ಕೇಳಿದ ಕೂಡಲೇ ಅಮ್ಮ ನೆನಪಾಗುತ್ತಾಳೆ ಅಪ್ಪ. ಯಾಕೆ ಎಂದು ಗೊತ್ತಿಲ್ಲ. ಅವಳು ಅದನ್ನು ಯಾವತ್ತೂ ನೋಡಿದವಳಲ್ಲ. ಈಗ ನನಗೆ ಅವಳು ಹೋದ ವಯಸ್ಸು. ಅವಳ ಆ ಟೇಪನ್ನು ಯಂತ್ರ ನುಂಗದೆ ಇದ್ದಿದ್ದರೆ ಈ ಆರು ವಾರ ಅದನ್ನೇ ನೋಡುತ್ತಿದ್ದೆ." ಈ ಸಾಲುಗಳಿಂದಲೇ ಇಪ್ಪತ್ತೆರಡು ದಿನ ಹಿಡಿಯಿತು.

ನಿನ್ನಮ್ಮ ಮೊರ್ವೆನ್ನಾಗೆ ಆ ಸೀರಿಯಲ್ ಕಂಡರೆ ಆಗುತ್ತಿರಲಿಲ್ಲ. "ಮನೆ ದಾರಿ ಹುಡುಕ್ತಾ ಇರೋರನ್ನ ನೋಡ್ತಾ ಕೂತು ತನ್ನ ಮನೆ ಮರ್ತೋನು ನೀನೊಬ್ನೇ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಭಾನುವಾರ ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ ತುಂಬಿ ಪೇಸ್ಟಿ ಮಾಡುವಾಗ ಪ್ರತಿಯೊಂದರ ಮೂಲೆಯಲ್ಲೂ ಹಿಟ್ಟಿನಿಂದ ತಿನ್ನುವವರ ಹೆಸರಿನ ಮೊದಲ ಅಕ್ಷರ ಕೂರಿಸುತ್ತಿದ್ದಳಲ್ಲ, ನನ್ನದರಲ್ಲಿ ಮಾತ್ರ ಕೆಲವು ಸಲ ಅಕ್ಷರದ ಬದಲು ಚಕ್ಕೆಯಷ್ಟು ನಕ್ಷತ್ರ ಇಡುತ್ತಿದ್ದಳು, ಅಣಕಿಸಲು. ಈಗ ಬೇಕರಿಯಿಂದ ತರುತ್ತೇನೆ. ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ.

ಮನೆಯಲ್ಲಿ ಎಲ್ಲ ಕ್ಷೇಮ. ಹಿತ್ತಲಿನ ನಿಂಬೆಗಿಡ ಈ ಸಲವೂ ಕಾಯಿ ಬಿಟ್ಟಿದೆ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟುಕೋ, ವೈದ್ಯರು ಹೇಳುವವರೆಗೆ ನೆಲಕ್ಕೆ ಊರಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಅಮ್ಮನಿಗಿಂತ ಬಹಳ ವರ್ಷ ಹೆಚ್ಚು ಬಾಳು ಮಗಳೇ, ನನ್ನ ಆಯುಸ್ಸು ಉಳಿದಿದ್ದರೆ ಅದೂ ನಿನಗೇ.

ಇಂತು ನಿನ್ನ ಅಪ್ಪ,
ವರ್ನ್ ಟ್ರೆಲೋರ್

ಮರೆತ ಮಾತು: ಮರೆತಿಲ್ಲ. ಇಲ್ಲಿಯವರೆಗೂ ತಪ್ಪಿಸಿಕೊಂಡೆ ಅಷ್ಟೆ.

ಆ ಟೇಪನ್ನು ಯಂತ್ರ ನುಂಗಲಿಲ್ಲ.

ತೊಂಬತ್ತೊಂದರ ಅಕ್ಟೋಬರಿನಲ್ಲಿ ನೀನು ಅಡಿಲೇಡಿನ ಕಾಲೇಜಿನಿಂದ ಕ್ಯಾಮೆರಾ ಎರವಲು ತಂದು ಅಮ್ಮ ಪೇಸ್ಟಿ ಮಾಡುವುದನ್ನು ಒಂದು ತಾಸು ತೆಗೆದೆ. ಜೋಪಾನವಾಗಿರಲೆಂದು ಬೆನ್ನಿನ ತುಂಡನ್ನೂ ಮುರಿದಿಟ್ಟೆ. ಹೆಸರು ಬರೆದದ್ದು ಮಾತ್ರ ರಟ್ಟಿನ ಹೊದಿಕೆಯ ಮೇಲೆ, ನಮ್ಮ ಮನೆಯಲ್ಲಿ ಯಾವ ಕ್ಯಾಸೆಟ್ಟೂ ತನ್ನ ಹೊದಿಕೆಯಲ್ಲಿ ಇರುತ್ತಿರಲಿಲ್ಲ. ಜನವರಿಯಲ್ಲಿ ನಾನು ಬುಟ್ಟಿಗೆ ಕೈಹಾಕಿದೆ, ತೂತು ಸಿಕ್ಕಿತು, ಅಂಟುಪಟ್ಟಿ ಹಚ್ಚಿದೆ, ಪಾಚಿಯ ಕಂತು ರೆಕಾರ್ಡ್ ಮಾಡಿದೆ. ಆಗ ಮೊರ್ವೆನ್ನಾ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಮಾರ್ಚಿನಲ್ಲಿ ಹೋದಳು.

ಮಣ್ಣು ಮಾಡಿ ಬಂದ ಮೂರನೇ ವಾರ ನೀನು ಟೇಪು ಕೇಳಿದೆ. ನೀನು ಮಲಗಿದ್ದಾಗ ನಾನು ಹಾಕಿ ನೋಡಿದೆ. ಪಾಚಿ ಬಂತು. ಬೆಳಿಗ್ಗೆ ಅಂಗಡಿಗೆ ಹೋಗಿ, ಯಾರದೋ ಮದುವೆಯ ಟೇಪು ಸುಕ್ಕಾಗಿ ಬಿದ್ದಿತ್ತು, ಅದನ್ನು ಮುಷ್ಟಿಯಲ್ಲಿ ಹಿಡಿದು ತಂದು, ಯಂತ್ರ ನುಂಗಿತು ಎಂದು ನಿನಗೆ ತೋರಿಸಿದೆ. ನೀನು ಅತ್ತೆ. ಆಮೇಲೆ ನನ್ನ ಭುಜ ಹಿಡಿದು, "ಹೋಗ್ಲಿ ಬಿಡಪ್ಪ, ಮಿಷಿನ್ ಮಾಡಿದ್ದಕ್ಕೆ ನೀನೇನ್ ಮಾಡ್ತೀಯ" ಎಂದೆ. ಬೈದಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೇನೋ. ನೀನು ಸಮಾಧಾನ ಮಾಡಿದೆ, ನನ್ನ ಬಾಯಿ ಕಟ್ಟಿಹೋಯಿತು. ಮೂವತ್ತೊಂದು ವರ್ಷ ಕಟ್ಟಿಯೇ ಇತ್ತು.

ಡಡ್ಲಿ ಕೇಳಿದನಲ್ಲ, ಇಷ್ಟವಿಲ್ಲದಿದ್ದರೆ ಮೂರು ಸಲ ಯಾಕೆ ನೋಡಿದೆ ಎಂದು. ನಿನ್ನ ಅಮ್ಮನನ್ನು ಅಳಿಸಿ ತುಂಬಿಕೊಂಡ ಆ ಸೀರಿಯಲ್ ಅಷ್ಟು ಬೆಲೆ ಬಾಳುತ್ತದೆಯೇ ಎಂದು ನೋಡಲು ಕೂತೆ. ಕೊನೆಯವರೆಗೂ ನೋಡಿದೆ. ಬಾಳುವುದಿಲ್ಲ.

ಈ ಕಾಗದದ ಜೊತೆ ಒಂದು ಪೆನ್ ಡ್ರೈವ್ ಇದೆ. ನಮ್ಮ ಊರಿನ ಲೈಬ್ರರಿಯ ಹೆಂಗಸು ಟೇಪಿನಿಂದ ಇಳಿಸಿಕೊಟ್ಟಳು. ಕಂತು ಚಿಕ್ಕದು, ನಿನ್ನ ಟೇಪು ಉದ್ದ. ಪಾಚಿ ಮುಗಿದು, ಹೆಸರುಗಳೆಲ್ಲ ಮೇಲಕ್ಕೆ ಹೋಗಿ, ಪರದೆ ಒಮ್ಮೆ ಅದುರುತ್ತದೆ. ಎದ್ದುಹೋಗಬೇಡ. ಆಮೇಲೆ ಆರು ನಿಮಿಷ ಅವಳಿದ್ದಾಳೆ. ಆರು ನಿಮಿಷ ಉಳಿದಿದೆ ಎಂದು ಹೇಳಿದರೆ ಮಿಕ್ಕದ್ದು ಏನಾಯಿತೆಂದು ಹೇಳಬೇಕಾಗುತ್ತಿತ್ತು, ಅದಕ್ಕೇ ಬಚ್ಚಿಟ್ಟೆ. ಎಲ್ಲ ಬಿಟ್ಟರೂ ಆ ಒಂದು ಕಂತು ಬಿಡಬೇಡ.

ಒಲೆಯಿಂದ ತಟ್ಟೆ ತೆಗೆಯುತ್ತಾಳೆ. ಒಂದನ್ನೆತ್ತಿ ನಿನ್ನ ಕ್ಯಾಮೆರಾಕ್ಕೆ ಹಿಡಿಯುತ್ತಾಳೆ, ಮೂಲೆಯಲ್ಲಿ ನಕ್ಷತ್ರ. "ಇದು ನಿಮ್ಮಪ್ಪಂದು" ಎನ್ನುತ್ತಾಳೆ. ಆಮೇಲೆ ಬಾಗಿಲ ಕಡೆ ತಿರುಗಿ, "ವರ್ನ್! ಬಾ ಇಲ್ಲಿ, ಮಗಳು ನಮ್ಮಿಬ್ರನ್ನೂ ಒಟ್ಟಿಗೆ ತೆಗೀಬೇಕಂತೆ!" ಮುಂಗೋಣೆಯಿಂದ ಆ ಹಾಳು ರಾಗ ಕೇಳುತ್ತದೆ, ಅದರ ಮೇಲೆ ನನ್ನ ದನಿ. "ಇದೊಂದು ಮುಗೀಲಿ, ಬಂದೆ."

ಅವಳು ಒಂದು ಗಳಿಗೆ ಕಾಯುತ್ತಾಳೆ. ಆಮೇಲೆ ನಿನ್ನ ಕಡೆ ನೋಡಿ ನಕ್ಕು, "ಬರಲ್ಲ ಕಣೇ ಅವ್ನು. ಸಾಕು, ಆಫ್ ಮಾಡು, ನಿನ್ ಕೈ ನೋಯುತ್ತೆ" ಎನ್ನುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ನಾನು ಅವತ್ತು ನೋಡುತ್ತಿದ್ದುದು ಹಿಂದಿನ ದಿನವೇ ನೋಡಿ ಮುಗಿಸಿದ್ದ ಟೇಪು, ಟ್ಯಾಮ್ಸಿನ್. ನಿಲ್ಲಿಸುವ ಗುಂಡಿ ನನ್ನ ಹೆಬ್ಬೆರಳ ಕೆಳಗೇ ಇತ್ತು.