ಅಂಟಿಲ್ಲದ ಕಾರ್ಡು

ಮನೆಯಿಂದ,
ಇಪ್ಪತ್ತಾರನೇ ತಾರೀಕು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಲ್ಲು ಹೇಗಿದೆ? ಹೋದ ಸಲ ನಿನ್ನನ್ನು ನೋಡಲು ಬಂದಾಗ ಬಲಗೆನ್ನೆ ಬನ್ನಿನ ಹಾಗೆ ಊದಿತ್ತು. ಕೇಳಿದರೆ ‘ಏನಿಲ್ಲ, ದಪ್ಪ ಆಗಿದೀನಿ’ ಅಂದೆ. ಒಂದೇ ಕೆನ್ನೆ ದಪ್ಪವಾಗುವ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಜೈಲಿನ ಡಾಕ್ಟರಿಗೆ ತೋರಿಸಿದೆಯೋ ಇಲ್ಲವೋ ಬರಿ, ಸುಮ್ಮನೆ ಧೈರ್ಯಸ್ಥನ ಹಾಗೆ ನಟಿಸಬೇಡ. ಊಟ ಸೇರುತ್ತಿದೆಯಾ? ನಿದ್ದೆ? ನಾವಿಬ್ಬರೂ ಕ್ಷೇಮ ಅಂತ ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಅಮ್ಮನ ಕೈ ಒಂದು ಕಡೆ ನಿಲ್ಲುವುದಿಲ್ಲ, ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಕಿಟಕಿಯಿಂದ ಬೀದಿ ನೋಡಿ ಬಂದೆ. ಬೀದಿಯಲ್ಲಿ ನೋಡುವಂಥದ್ದೇನೂ ಇಲ್ಲ, ಎದುರುಮನೆಯವರು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾರೆ.

ಮೊದಲು ಕಾರ್ಡಿನ ವಿಷಯ. ಈ ಎಂಟು ತಿಂಗಳಲ್ಲಿ ಅಮ್ಮ ನಿನಗೆ ಐದು ಕಾರ್ಡು ಮಾಡಿ ಕಳಿಸಿದಳು, ಐದೂ ವಾಪಸ್ ಬಂದವು. ಅವಳ್ಯಾಕೆ ಕಳಿಸಬೇಕು ಅಂತ ಮುಖ ತಿರುಗಿಸಬೇಡ, ಪೂರ್ತಿ ಓದು. ಮೊದಲನೆಯದರಲ್ಲಿ ಚಕ್ರವಿತ್ತು. ಅಂಚಿಗೆ ಬೆರಳಿಟ್ಟು ತಿರುಗಿಸಿದರೆ ಪುಟ್ಟ ಕಿಟಕಿಯಲ್ಲಿ ಮೋಡ, ಸೂರ್ಯ, ಚಂದ್ರ ಒಂದೊಂದಾಗಿ ಬರುವಂಥದ್ದು. ಚಕ್ರದ ನಡುವೆ ಹಿತ್ತಾಳೆ ಪಿನ್ನು ಇದ್ದದ್ದರಿಂದ ‘ಲೋಹ’ ಅಂತ ಚೀಟಿ ಹಚ್ಚಿ ಕಳಿಸಿದರು. ಎರಡನೆಯದಕ್ಕೆ ಪಿನ್ನಿನ ಬದಲು ದಾರ ಕಟ್ಟಿದಳು, ‘ದಾರ’ ಅಂತ ಬಂತು. ಮೂರನೆಯದರಲ್ಲಿ ಪಟ್ಟಿ ಎಳೆದರೆ ಹಕ್ಕಿ ರೆಕ್ಕೆ ಬಡಿಯುತ್ತಿತ್ತು. ಪಟ್ಟಿ ಓಡಾಡಲು ಎರಡು ಹಾಳೆಯ ನಡುವೆ ಜಾಗ ಬೇಕಲ್ಲ, ‘ಪದರ’ ಅಂತ ಬಂತು. ಉಳಿದೆರಡಕ್ಕೂ ‘ಅಂಟು’. ಅಂಟಿನ ಕೆಳಗೆ ಏನನ್ನಾದರೂ ಅಡಗಿಸಬಹುದಂತೆ. ಅಮ್ಮ ಅಡಗಿಸುವುದೇ? ಮನೆಗೆ ಬಂದವರ ಮುಂದೆ ಬಿಸ್ಕತ್ತಿನ ಡಬ್ಬಿಯನ್ನೇ ಅಡಗಿಸಲು ಬಾರದವಳು. ಈ ಪತ್ರವನ್ನೂ ತಪಾಸಣೆಯವರು ಓದುತ್ತಾರೆ ಅಂತ ನನಗೆ ಗೊತ್ತು. ಸಾಹೇಬರೇ, ನಮಸ್ಕಾರ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಹಕ್ಕಿ ವಾಪಸ್ ಬಂದಾಗ ಅದರ ರೆಕ್ಕೆ ಪೂರಾ ಸಡಿಲವಾಗಿತ್ತು, ಅಲ್ಲಿ ಯಾರೋ ಇಪ್ಪತ್ತು ಸಲವಾದರೂ ಎಳೆದು ನೋಡಿದ್ದಾರೆ.

ಅದಕ್ಕೇ ಈಗ ಆರನೆಯದು. ಒಂದೇ ಹಾಳೆ, ಅಂಟಿಲ್ಲ, ಪಿನ್ನಿಲ್ಲ, ದಾರವಿಲ್ಲ. ಕತ್ತರಿಸಬೇಕು, ಮಡಿಸಬೇಕು, ಅಷ್ಟರಲ್ಲೇ ಎಲ್ಲ ಎದ್ದು ನಿಲ್ಲಬೇಕು. ಅಂಟಿದ್ದರೆ ತಪ್ಪನ್ನು ಮುಚ್ಚಿ ಹಾಕಬಹುದು, ಮೇಲೊಂದು ಚೂರು ಕಾಗದ ಅಂಟಿಸಿದರೆ ಮುಗಿಯಿತು. ಇಲ್ಲಿ ಕತ್ತರಿಸಿದ್ದು ಕತ್ತರಿಸಿದ್ದೇ. ಅಮ್ಮ ಮಾಡುತ್ತಿರುವುದು ನಮ್ಮ ಮನೆಯ ಮೆಟ್ಟಿಲು. ಹಾಳೆಯನ್ನು ನಡುವೆ ಮಡಿಸಿ, ಮಡಿಕೆಗೆ ಅಡ್ಡಲಾಗಿ ಜೋಡಿ ಗೆರೆ ಕತ್ತರಿಸಿ, ನಡುವಿನ ಪಟ್ಟಿಯನ್ನು ಮುಂದಕ್ಕೆ ತಳ್ಳಿದರೆ ಒಂದು ಮೆಟ್ಟಿಲು. ಆ ಮೆಟ್ಟಿಲ ಮಡಿಕೆಗೆ ಮತ್ತೆ ಜೋಡಿ ಗೆರೆ ಹಾಕಿದರೆ ಇನ್ನೊಂದು. ಹಾಳೆಯ ನಿಂತ ಅರ್ಧ ಗೋಡೆ, ಮಲಗಿದ ಅರ್ಧ ನೆಲ ಅಂದುಕೋ. ಮೆಟ್ಟಿಲು ಗೋಡೆಯಿಂದ ಎಷ್ಟು ಮುಂದೆ ಬರುತ್ತದೋ ನೆಲದ ಮೇಲೂ ಅಷ್ಟೇ ದೂರ ಹಿಡಿಯಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕಾರ್ಡು ನಗುನಗುತ್ತಾ ತೆರೆದುಕೊಳ್ಳುತ್ತದೆ, ಮುಚ್ಚುವಾಗ ಮುನಿಸಿಕೊಳ್ಳುತ್ತದೆ, ಬಲವಂತ ಮಾಡಿದರೆ ಮೂಲೆಯಲ್ಲಿ ಹರಿಯುತ್ತದೆ. ಹದಿನಾಲ್ಕು ಹಾಳೆ ಹಾಳಾಗಿವೆ. ಅಮ್ಮ ಪ್ರತಿ ಹಾಳೆಯನ್ನೂ ಮೊದಲು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಬಗ್ಗಿಸಿ ನಾರು ಯಾವ ಕಡೆ ಓಡಿದೆ ಅಂತ ನೋಡುತ್ತಾಳೆ, ಖಾಲಿಯಾದ ಬಾಲ್‌ಪೆನ್ನಿನಿಂದ ಮಡಿಕೆಯ ಗೆರೆ ಒತ್ತುತ್ತಾಳೆ, ಚಮಚದ ಬೆನ್ನಿನಿಂದ ತೀಡುತ್ತಾಳೆ, ಆಮೇಲೆ ಮುಚ್ಚಿ, ತೆರೆದು, ಮುಚ್ಚಿ, ‘ಥೂ’ ಅಂದು ಕೆಳಗೆ ಬಿಡುತ್ತಾಳೆ. ಮೇಜಿನ ಕೆಳಗೆ ಈಗ ಕಾಲಿಡಲು ಜಾಗವಿಲ್ಲ.

ಮೇಲಿನ ಮೆಟ್ಟಿಲ ಹಿಂದೆ ನಮ್ಮ ಬಾಗಿಲಿದೆ. ಮೊದಲು ಆ ಬಾಗಿಲಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದ್ದಳು, ಸೊಂಟದ ಮೇಲೆ ಎರಡೂ ಕೈ, ಥೇಟ್ ಅವಳೇ. ಈಗ ಬಾಯಿ ತೆರೆದು ‘ಎಷ್ಟೊತ್ತೋ ಬರೋದು’ ಅಂದುಬಿಡುತ್ತಾಳೆ ಅನ್ನಿಸುವ ಹಾಗೆ. ಕಾರ್ಡು ಸರಿಯಾಗಿ ಮುಚ್ಚುತ್ತಿತ್ತು ಕೂಡ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದು, ‘ಬೇಡ, ಅವನು ನೋಡಿದ ತಕ್ಷಣ ಹರಿದು ಹಾಕ್ತಾನೆ’ ಅಂತ ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದಳು. ಈಗ ಬಾಗಿಲು ಖಾಲಿ. ನನಗೆ ಎಷ್ಟು ಸಂಕಟವಾಯಿತು ಅಂತ ಬರೆಯಲು ಬರುವುದಿಲ್ಲ. ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ.

ಕೆಲಸದ ಸುದ್ದಿ ಕೇಳು, ಸ್ವಲ್ಪ ನಗು. ಒಂದು ಆಫೀಸಿನವರು ತಮ್ಮ ಮ್ಯಾನೇಜರು ನಿವೃತ್ತರಾಗುತ್ತಾರೆ ಅಂತ ದೊಡ್ಡ ಕಾರ್ಡು ಮಾಡಿಸಿದರು. ಪಟ್ಟಿ ಎಳೆದರೆ ಸಾಹೇಬರು ಕುರ್ಚಿ ಬಿಟ್ಟು ಎದ್ದು ಬಾಗಿಲ ಕಡೆ ಜಾರಬೇಕು. ನಾನು ಸೀಳನ್ನು ಒಂದು ಚೂರು ಗಿಡ್ಡ ಹಿಡಿದಿದ್ದೆ. ಎಷ್ಟು ಎಳೆದರೂ ಸಾಹೇಬರು ಕುರ್ಚಿ ಬಿಡಲೊಲ್ಲರು. ತೆಗೆದುಕೊಳ್ಳಲು ಬಂದ ಗುಮಾಸ್ತರು ಕಣ್ಣೀರು ಬರುವಷ್ಟು ನಕ್ಕು, ‘ಸರಿ ಮಾಡಬೇಡಿ ತಾಯಿ, ಹೀಗೇ ಕೊಡಿ, ನಿಜಕ್ಕೂ ಇದೇ ನಡೀತಿರೋದು’ ಅಂತ ಹಾಗೇ ಒಯ್ದರು. ಅದು ನನ್ನ ತಪ್ಪು, ನಗುವಂಥದ್ದು. ಅಮ್ಮನ ತಪ್ಪಿಗೆ ನಗು ಬರಲಿಲ್ಲ. ಹುಟ್ಟುಹಬ್ಬದ ನಲವತ್ತು ಕಾರ್ಡಿಗೆ ಪಟ್ಟಿ ಕೂರಿಸುವಾಗ ಎಲ್ಲಿ ನೋಡುತ್ತಿದ್ದಳೋ, ಪಟ್ಟಿಗೂ ಸೇರಿಸಿ ಅಂಟು ಬಳಿದುಬಿಟ್ಟಳು. ನಲವತ್ತರಲ್ಲಿ ಒಂದೂ ಅಲುಗಲಿಲ್ಲ. ಸ್ಟೇಷನರಿ ಅಂಗಡಿಯವರು ಕಟ್ಟನ್ನು ಹಾಗೇ ವಾಪಸ್ ಇಟ್ಟು ಹೋದರು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಾರ್ಡು ಅಂಗಡಿಯಿಂದ ತಿರುಗಿ ಬಂದದ್ದು ಅದೇ ಮೊದಲು.

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ, ಕಾಗದದ ಪಟ್ಟಿಯಲ್ಲ, ನಿನ್ನ ಭೇಟಿಯ ಪಟ್ಟಿ. ಅದರಲ್ಲಿ ನನ್ನ ಹೆಸರು ಮಾತ್ರ ಬರೆಸಿದ್ದೀಯ. ಅಮ್ಮ ಮೂರು ಸಲ ನನ್ನ ಜೊತೆ ಬಂದಳು, ಮೂರು ಸಲವೂ ಕಿಟಕಿಯ ಹಿಂದಿನ ಗುಮಾಸ್ತೆ ಬೆರಳಿಟ್ಟು ಮೇಲಿಂದ ಕೆಳಗೆ ನೋಡಿ ‘ನಿಮ್ಮ ಹೆಸರಿಲ್ಲಮ್ಮ’ ಅಂದರು. ಮೂರನೇ ಸಲ ಅಮ್ಮ ‘ಇನ್ನೊಂದ್ಸಲ ನೋಡ್ತೀರಾ’ ಅಂತ ಕೇಳಿದಳು. ಅವರೂ ಪಾಪ ಇನ್ನೊಂದು ಸಲ ನೋಡಿದರು, ಇದ್ದದ್ದೇ ಒಂದು ಹೆಸರು. ನಾನು ಒಳಗೆ ನಿನ್ನ ಜೊತೆ ಹದಿನೈದು ನಿಮಿಷ ಕೂತಿರುವಾಗ ಅವಳು ಹೊರಗೆ ತಗಡಿನ ನೆರಳಿನಲ್ಲಿ ಚೀಲ ತಬ್ಬಿಕೊಂಡು ನಿಂತಿರುತ್ತಿದ್ದಳು. ಹೊರಬಂದ ಕೂಡಲೇ ‘ಸಣ್ಣ ಆಗಿದಾನಾ’ ಅಂತ ಒಂದೇ ಪ್ರಶ್ನೆ. ಈಗ ಬರುವುದನ್ನು ಬಿಟ್ಟಿದ್ದಾಳೆ. ಯಾರಾದರೂ ಕೇಳಿದರೆ ಮಂಡಿನೋವು ಅನ್ನುತ್ತಾಳೆ. ಅದೇ ಮಂಡಿಯಲ್ಲಿ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿಳಿದು ಅಂಚೆಯವನನ್ನು ಕಾಯುತ್ತಾಳೆ.

ನಿನ್ನ ವಾದ ನನಗೆ ಗೊತ್ತು. ಆ ಬೆಳಗ್ಗೆ ಗೋದಾಮಿನ ವ್ಯಾನಿನಲ್ಲಿ ಕಾಗದ ತರುವಾಗ ಶಾಲೆಯ ತಿರುವಿನಲ್ಲಿ ಮಕ್ಕಳೆಲ್ಲ ಗೇಟಿನ ಮಾವ ಅನ್ನುವ ಕಾವಲುಗಾರರಿಗೆ ಗುದ್ದಿದೆ, ಹೆದರಿ ನಿಲ್ಲಿಸದೆ ಬಂದೆ, ವ್ಯಾನನ್ನು ಯಾರೂ ಹೋಗದ ಹಳೇ ಶೆಡ್ಡಿನಲ್ಲಿ ಬಿಟ್ಟು ಟಾರ್ಪಾಲು ಹೊದಿಸಿದೆ. ಹೇಳಿದ್ದು ಅಮ್ಮನೊಬ್ಬಳಿಗೇ. ಅವಳು ಎರಡು ದಿನವೂ ‘ಹೋಗಿ ನೀನೇ ಹೇಳ್ಬಿಡು ಮಗನೇ’ ಅಂತ ನಿನ್ನ ಬೆನ್ನು ಬಿಡಲಿಲ್ಲ. ಮೂರನೇ ದಿನ ಪೊಲೀಸರು ದಾರಿಯನ್ನೂ ಕೇಳದೆ ನೇರ ಶೆಡ್ಡಿಗೇ ಬಂದರು. ಅಲ್ಲಿಗೆ ನಿನ್ನ ಮಟ್ಟಿಗೆ ತೀರ್ಮಾನವಾಯಿತು, ಹೆತ್ತವಳೇ ಹಿಡಿದುಕೊಟ್ಟಳು ಅಂತ. ಅಮ್ಮ ಹೇಳಿಲ್ಲ ಅಂತ ನಾನು ಹೋದ ತಿಂಗಳು ಆಣೆ ಮಾಡಿ ಹೇಳಿದೆ. ‘ಮತ್ತೆ ಯಾರು, ಗೋಡೆನಾ?’ ಅಂತ ಕೇಳಿದೆ ನೀನು. ನಾನು ಗಾಜಿನ ಈಚೆ ಕೂತು ಉಗುರು ಕಚ್ಚಿದೆ, ಅಷ್ಟರಲ್ಲಿ ಹೊತ್ತಾಯಿತು ಅಂತ ಎಬ್ಬಿಸಿದರು. ಅಣ್ಣಾ, ಅವಳು ಹೇಳಿಲ್ಲ. ನಿನ್ನ ಸಿಟ್ಟಿನ ಮೂಗನ್ನು ಸ್ವಲ್ಪ ಇಳಿಸಿ ಅವಳ ಮುಖವನ್ನು ಒಂದು ಸಲ ನೆನೆಸಿಕೋ. ಒಂದನೇ ತಾರೀಕಿಗೆ ಹೊಸ ಪಟ್ಟಿ ಬರೆಸುತ್ತಾರಂತೆ, ಇನ್ನು ಬೆರಳೆಣಿಕೆಯ ದಿನವಿದೆ. ಅವಳ ಹೆಸರನ್ನು ಬರೆಸು. ಇಷ್ಟಕ್ಕಾಗಿಯೇ ಈ ಪತ್ರ.

ಮೇಜಿನ ಆ ತುದಿಯಿಂದ ಅಮ್ಮ ‘ನಾನೂ ಎರಡು ಸಾಲು ಬರೀಲಾ’ ಅಂದಳು. ಪೆನ್ನು ಕೊಟ್ಟೆ. ಹಿಡಿದುಕೊಂಡು, ಮುಚ್ಚಳ ತೆಗೆದು, ಮತ್ತೆ ಹಾಕಿ ಕೊಟ್ಟುಬಿಟ್ಟಳು. ಹದಿನೈದನೇ ಹಾಳೆ ಸರಿಯಾಗಿ ಮುಚ್ಚಿತು ಅಂತ ಈಗಷ್ಟೇ ನನಗೆ ತೋರಿಸಿದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಕಳೆ. ಕಾರ್ಡನ್ನು ಇದರ ಜೊತೆಗಿಟ್ಟಿದ್ದೇನೆ. ಬೆಳಕಿನ ಕಡೆ ಹಿಡಿದು ನಿಧಾನವಾಗಿ ತೆರೆ, ಎಲ್ಲ ಸೇರಿ ಏಳು ಮೆಟ್ಟಿಲು.

ಹಲ್ಲು ತೋರಿಸು. ತಣ್ಣೀರು ಕುಡಿಯಬೇಡ. ಪಕ್ಕದ ಕೋಣೆಯ ಅಜ್ಜನಿಗೆ ನಾನು ಕೇಳಿದೆ ಅಂತ ಹೇಳು. ಅಮ್ಮನ ಆಶೀರ್ವಾದ ಇದ್ದೇ ಇದೆ, ಅವಳು ಬಾಯಲ್ಲಿ ಹೇಳದಿದ್ದರೂ ನಾನು ಇಲ್ಲಿ ಬರೆದಿದ್ದೇನೆ.

ನಿನ್ನ ಬಾಯಿಬಡುಕಿ ತಂಗಿ, ನೀನೇ ಹೆಸರಿಟ್ಟ
ಕತ್ತರಿ

ತಾ.ಕ.: ಲಕೋಟೆಗೆ ಹಾಕಿ ಮತ್ತೆ ತೆಗೆದೆ. ನಾಲ್ಕು ಗಂಟೆಗೆ ಅಂಚೆ ತೆಗೆಯುತ್ತಾರೆ, ಬೇಗ ಬರೆಯುತ್ತೇನೆ, ತಡವಾದರೆ ಮತ್ತೆ ಧೈರ್ಯ ಬರುವುದಿಲ್ಲ. ಪೊಲೀಸರಿಗೆ ಹೇಳಿದ್ದು ನಾನು. ನೀನು ಅಮ್ಮನ ಹತ್ತಿರ ಹೇಳುವಾಗ ನಾನು ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದೆನಲ್ಲ, ನಿದ್ದೆ ಮಾಡಿರಲಿಲ್ಲ. ಎರಡು ದಿನ ನಾನೂ ನಿನ್ನ ಹಾಗೇ ಬಾಯಿ ಮುಚ್ಚಿಕೊಂಡಿದ್ದೆ. ಮೂರನೇ ದಿನ ಶಾಲೆಯ ಡ್ರಾಯಿಂಗ್ ಟೀಚರು ಬಂದು, ಗೇಟಿನ ಮಾವ ಆಸ್ಪತ್ರೆಯಲ್ಲಿದ್ದಾರೆ, ಮಕ್ಕಳೆಲ್ಲ ಸೇರಿ ಕೊಡಲು ಒಂದು ಕಾರ್ಡು ಬೇಕು ಅಂದರು. ತೆರೆದ ಕೂಡಲೇ ಅವರು ಗೇಟಿನ ಪಕ್ಕ ಎದ್ದು ನಿಲ್ಲೋ ಹಾಗೆ ಮಾಡಲಾ ಅಂತ ಕೇಳಿದೆ, ಅಭ್ಯಾಸದ ಮೇಲೆ. ಟೀಚರು ತಲೆ ಬಗ್ಗಿಸಿ ‘ನಿಲ್ಲಿಸಬೇಡಮ್ಮ, ಕೂರಿಸು’ ಅಂದರು. ಕಾಲು ತೆಗೆದ ವಿಷಯ ಆಗ ಗೊತ್ತಾಯಿತು. ಅಳತೆ ಬರೆದುಕೊಂಡೆ, ಅವರು ಹೋದ ಮೇಲೆ ಚಪ್ಪಲಿ ಹಾಕಿಕೊಂಡು ಠಾಣೆಗೆ ಹೋದೆ. ಹೇಳಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಎಂಟು ತಿಂಗಳು ನಿನ್ನೆದುರು ಕೂತು ಹೇಳದೆ ಇದ್ದದ್ದಕ್ಕೆ ಕೇಳುತ್ತೇನೆ. ಅಮ್ಮನಿಗೆ ಅವತ್ತು ಸಾಯಂಕಾಲವೇ ಗೊತ್ತು. ಅಣ್ಣನಿಗೆ ಹೇಳಿಬಿಡುತ್ತೇನೆ ಅಂತ ನಾನು ಹಟ ಮಾಡಿದಾಗ ಕೈ ಹಿಡಿದು ಕೂರಿಸಿದಳು. ‘ಸಿಟ್ಟು ನನ್ನ ಮೇಲೇ ಇರ್ಲಿ, ನಾನು ತಡ್ಕೋತೀನಿ. ನಿನ್ನ ಹೆಸರೂ ಹೊಡೆದು ಹಾಕಿದ್ರೆ ಅವನನ್ನ ನೋಡೋಕೆ ಹೋಗೋರು ಯಾರೇ?’ ಅಂದಳು. ಈಗ ನಿನಗೆ ಎಲ್ಲ ಗೊತ್ತಾಯಿತು. ಒಂದನೇ ತಾರೀಕು ಯಾರದ್ದಾದರೂ ಹೆಸರನ್ನು ಹೊಡೆಯಲೇಬೇಕು ಅನ್ನಿಸಿದರೆ ನನ್ನದನ್ನು ಹೊಡೆ. ನಾನು ಹೊರಗೆ ನಿಲ್ಲುತ್ತೇನೆ, ಅವಳು ಒಳಗೆ ಬರಲಿ.