ಮೊದಲು ಹೀಗಿತ್ತು

ಠಾಕುರ್ಲಿ (ಪೂರ್ವ)
ಫೆಬ್ರವರಿ ೧೧, ೨೦೨೫

ಪ್ರೀತಿಯ ವಿಮಲಕ್ಕಾ,

ನಮಸ್ಕಾರ. ಈ ಫೋನಿನ ಕಾಲದಲ್ಲಿ ಶ್ರೀಮತಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಅಂತ ನೀನು ಕನ್ನಡಕ ಹುಡುಕುತ್ತಾ ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಹುಡುಕು, ಹಾಕಿಕೊಂಡು ನಿಧಾನವಾಗಿ ಓದು. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಇವರು ಸದಾ ಜಗಲಿಯಲ್ಲೇ ಕೂತಿರುತ್ತಾರೆ, ನನ್ನ ಗಂಟಲೋ, ನಿನಗೆ ಗೊತ್ತಲ್ಲ, ಓಣಿಯ ಕೊನೆಯ ಮನೆಗೂ ಮುಟ್ಟುತ್ತದೆ.

ಮೊದಲು ಒಂದು ಬೇಡಿಕೆ. ನಮ್ಮ ‘ಮೊದಲು ಹೀಗಿತ್ತು, ಈಗ ಹೀಗಿದೆ’ ವಿಡಿಯೋವನ್ನು ನೀನು ಭಜನಾ ಮಂಡಳಿಯ ಗ್ರೂಪಿಗೆ, ಸೊಸೆಯ ತವರಿನವರಿಗೆ, ಕಂಡಕಂಡವರಿಗೆಲ್ಲ ಕಳಿಸಿದ್ದೀಯಂತೆ. ಬೇಡ ಮಾರಾಯ್ತಿ. ಕಳಿಸಿದ್ದನ್ನು ಅಳಿಸು. ಅಳಿಸಲು ಬರದಿದ್ದರೆ ಯಾರನ್ನಾದರೂ ಕೇಳಿ ಅಳಿಸು. ಯಾಕೆ ಅಂತ ಹೇಳುತ್ತೇನೆ.

ಡೊಂಬಿವಲಿಯ ಹೋಟೆಲಿನ ಪಾಲು ಬಿಟ್ಟುಕೊಟ್ಟು ಇವರು ಈ ಗೆದ್ದಲು ಹಿಡಿದ ಮನೆ ಕೊಂಡಾಗ ಪುಂಡರೀಕಾಕ್ಷನಿಗೆ ಅರಳುಮರಳು ಅಂದವಳು ನೀನೇ. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ಆಮೇಲೆ ನನಗೂ ಅದೇ ಹುಚ್ಚು ಹತ್ತಿತು. ನಮ್ಮದು ಎದ್ದು ನಿಂತ ಮೇಲೆ ಪಕ್ಕದ್ದು, ಅದಾದ ಮೇಲೆ ಮೂಲೆಯದ್ದು. ಸಿಮೆಂಟು ಕೆರೆದು ಸುಣ್ಣದ ಗಾರೆ ಮೆತ್ತಿದೆವು, ಕೊಳೆತ ತೊಲೆ ಬದಲಿಸಿದೆವು. ಸಂಜೆ ಹೊತ್ತು ಜನ ಮತ್ತೆ ಹೊರಗೆ ಕೂರತೊಡಗಿದರು, ಬಾಗಿಲು ಹಾಕಿದ್ದ ಹಿಟ್ಟಿನ ಗಿರಣಿ ತೆರೆಯಿತು. ಟವರ್ ಕಟ್ಟುತ್ತೇವೆ, ಕೊಡಿ ಕೊಡಿ ಅಂತ ಬರುತ್ತಿದ್ದ ಬಿಲ್ಡರುಗಳು ಓಣಿಗೆ ಕಾಲಿಡುವುದನ್ನು ಕಡಿಮೆ ಮಾಡಿದರು. ಇವರದು ಒಂದೇ ಹಟ, ಒಳಗಿರುವ ಬಾಡಿಗೆದಾರರನ್ನು ಎಬ್ಬಿಸಬಾರದು, ಅವರಿಗಾಗಿಯೇ ಮನೆ ರಿಪೇರಿ.

ಹೀಗೆ ದಾನಮ್ಮನ ಮನೆಯ ಸರದಿ ಬಂತು. ಅವರು ವಿಜಯಪುರದ ಕಡೆಯವರು. ಗಂಡ ಭೀಮು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ, ದಾನಮ್ಮ ಮಸಾಲೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗು, ಮಗಳು ಕಾಂಚನಾ ಡೊಂಬಿವಲಿಯ ಲ್ಯಾಬೊಂದರಲ್ಲಿ ಕೆಲಸ. ಮಾಡು ಸೋರುತ್ತಿತ್ತು, ಹಿಂದಿನ ಗೋಡೆ ಬಿರುಕು ಬಿಟ್ಟಿತ್ತು. ದಾನಿಗಳೊಬ್ಬರು ಮಂಗಳೂರು ಹೆಂಚು ಕೊಡುತ್ತೇವೆ, ಮನೆಯ ಈಗಿನ ಸ್ಥಿತಿಯ ವಿಡಿಯೋ ಕಳಿಸಿ ಅಂದರು. ಹೆಂಚು ಅಂದರೆ ನನಗೆ ಅರ್ಧ ತವರು ಬಂದ ಹಾಗೆ. ಸಿಕ್ಕೇ ಸಿಗಬೇಕು ಅನ್ನಿಸಿತು.

ಕ್ಯಾಮೆರಾ ಬರುತ್ತದೆ ಅಂದದ್ದೇ ತಪ್ಪಾಯಿತು. ದಾನಮ್ಮ ದಸರೆಗೆ ತೊಳೆಯುವ ಹಾಗೆ ಮನೆ ತೊಳೆದಳು. ಬಿರುಕಿನ ಮೇಲೆ ಸುಣ್ಣ ಬಳಿದಳು, ತಾಮ್ರದ ಕೊಡಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಸಾಲಾಗಿ ಏರಿಸಿಟ್ಟಳು, ಹೊಸ್ತಿಲಿಗೆ ರಂಗೋಲಿ ಹಾಕಿದಳು. ಆಮೇಲೆ ಕೀಲಿ ನನ್ನ ಕೈಗಿಟ್ಟು ಕೆಲಸಕ್ಕೆ ಹೋದಳು. ಇವರು ಮನೆ ಯಜಮಾನರ ಒಪ್ಪಿಗೆಗೆ ಪುಣೆಗೆ ಹೋಗಿದ್ದರು. ವಿಡಿಯೋ ತೆಗೆಯಲು ಒಬ್ಬ ಹುಡುಗನನ್ನು ಕರೆಸಿದ್ದೆ. ಅವನು ಒಳಗೆ ಬಂದವನೇ, ಆಂಟಿ, ಇದು ಬಿಫೋರ್ ಥರಾ ಇಲ್ಲ, ಆಫ್ಟರ್ ಥರಾನೇ ಇದೆ, ಇದನ್ನು ನೋಡಿ ಯಾರು ಹೆಂಚು ಕೊಡ್ತಾರೆ ಅಂದ. ನಾನು ಹಾಲಿಗೆ ಅಂತ ಮನೆಗೆ ಹೋಗಿ ಬರುವಷ್ಟರಲ್ಲಿ ಕೊಡಗಳನ್ನು ಮಂಚದಡಿ ತಳ್ಳಿ, ಗೋಡೆಗೆ ಕೊಚ್ಚೆ ನೀರು ಎರಚಿ, ಒಲೆಯ ಸುತ್ತ ಕಸ ಸುರಿದು, ರಂಗೋಲಿಯನ್ನು ಕಾಲಲ್ಲಿ ಒರೆಸಿಬಿಟ್ಟಿದ್ದ. ನಾನು ಬೇಡ ಅನ್ನಲಿಲ್ಲ. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಎಲ್ಲ ತೊಳೆದು ಮೊದಲಿನ ಹಾಗೆ ಇಟ್ಟೆ. ರಂಗೋಲಿಯನ್ನೂ ಬಿಡಿಸಿದೆ, ನಮ್ಮ ಕಡೆಯ ಎಳೆಯಲ್ಲಿ. ಸಂಜೆ ದಾನಮ್ಮ ಬಂದು ನೋಡಿ ನಕ್ಕಳು. “ತುಳಿದ್ರೇನ್ರಿ ಅಕ್ಕಾರ? ನಮ್ಮ ರಂಗೋಲಿ ನಿಮ್ಮ ಕೈಗಿ ಬರೂದಿಲ್ಲ ಬಿಡ್ರಿ” ಅಂದಳು. ನಾನೂ ಅವಳ ಜೊತೆ ನಕ್ಕೆ.

ಇವರು ಪುಣೆಯಿಂದ ಬಂದು ವಿಡಿಯೋ ನೋಡಿ, ದಾನಮ್ಮನ ಮನೆ ಇಷ್ಟು ಹೊಲಸಾಗಿ ಯಾವಾಗ ಇತ್ತು ಅಂತ ಕೇಳಿದರು. ಹುಡುಗ ಮಾಡಿದ್ದು ಅಂದೆ. ತೆಗೆದುಹಾಕು ಅಂದರು. ಆದರೆ ಅಷ್ಟರಲ್ಲಿ ಹೆಂಚಿನ ಲಾರಿ ಹೊರಟಿತ್ತು. ಲಾರಿ ಬಂದ ಮೇಲೆ ಅವರೂ ಸುಮ್ಮನಾದರು.

ಕೆಲಸ ಮುಗಿದ ಮೇಲೆ ಹೊಸ ಮನೆಯನ್ನೂ ಸೇರಿಸಿ ಆ ವಿಡಿಯೋವನ್ನು ನೆಟ್ಟಿನಲ್ಲಿ ಹಾಕಿದೆವು. ಈಗ ಮನೆ ಎಷ್ಟು ಚೆನ್ನಾಗಿದೆ ಅಂತ ನೀನೇ ನೋಡಿದ್ದೀಯಲ್ಲ. ನೀನು ನೋಡಿದ ಹಾಗೆಯೇ ಮೂರು ಸ್ಟೇಷನ್ ಆಚೆ ದಿವಾದಲ್ಲಿ ಚಂದ್ರಬಾಯಿಯೂ ನೋಡಿದಳು. ಕಾಂಚನಾಳನ್ನು ಅವಳ ಮಗ ಅಂಬರೀಶನಿಗೆ ಕೊಡುವುದು ಅಂತ ನಿಶ್ಚಯವಾಗಿತ್ತು. ಇಲ್ಲಿ ಮಾಡು ಬಿಚ್ಚಿದ್ದರಿಂದ ಶಾಸ್ತ್ರವೆಲ್ಲ ಕಲ್ಯಾಣದಲ್ಲಿ ನೆಂಟರ ಮನೆಯಲ್ಲಿ ನಡೆದಿತ್ತು, ಹಾಗಾಗಿ ಗಂಡಿನವರು ಹೆಣ್ಣಿನ ಮನೆ ನೋಡಿರಲಿಲ್ಲ. ನೋಡಿದ್ದು ನಮ್ಮ ವಿಡಿಯೋದಲ್ಲೇ. ಹೆಣ್ಣು ತರುವ ಮೊದಲು ತಾಯಿಯ ಒಲೆ ನೋಡಬೇಕಿತ್ತು, ನಾವು ಮೋಸಹೋದೆವು ಅಂತ ಹೇಳಿಕಳಿಸಿದರು. ಮದುವೆ ಮಾತು ಅಲ್ಲಿಗೇ ನಿಂತಿತು. ಕಾಂಚನಾ ಕೆಲಸಕ್ಕೆ ಹೋಗುವುದು ಬಿಟ್ಟು ಗೋಡೆಗೆ ಮುಖಮಾಡಿ ಮಲಗಿದಳು. ದಾನಮ್ಮ ಮಾತ್ರ ಕಂಡವರಿಗೆಲ್ಲ, ಅದು ನಮ್ಮ ಮನಿ ಅಲ್ಲರೀ, ಬ್ಯಾರೇ ಯಾರದೋ ಹಾಕ್ಯಾರ ಅಂತ ಹೇಳುತ್ತಾ ತಿರುಗಿದಳು. ಗೋಡೆಯ ಗೂಡು, ಕಿಟಕಿಯ ಸರಳು, ಎಲ್ಲ ಗುರುತು ಸಿಗುವಾಗ ಅವಳ ಮಾತನ್ನು ಯಾರು ನಂಬುತ್ತಾರೆ? ಇಡೀ ಓಣಿ ಅವಳನ್ನು ಸುಳ್ಳಿ ಅಂದಿತು.

ಕೊನೆಗೆ ಅವಳು ನಮ್ಮನ್ನೇ ಕೇಳಿದಳು. ನೀವು ದೊಡ್ಡವರು, ನೀವು ಬಂದು ಒಂದು ಮಾತು ಹೇಳಿದರೆ ನಂಬುತ್ತಾರೆ ಅಂದಳು. ಕಳೆದ ವಾರ ಅವಳ ಜೊತೆ ನಾವಿಬ್ಬರೂ ದಿವಾಕ್ಕೆ ಹೋದೆವು. ಚಂದ್ರಬಾಯಿಯದು ಒಂದೇ ಕೋಣೆ, ಕನ್ನಡಿಯ ಹಾಗೆ ಇಟ್ಟುಕೊಂಡಿದ್ದಾಳೆ. ಚಹಾ ಕೊಟ್ಟು, ಗಂಡ ಮಾಪಣ್ಣನ ಕೈಯಿಂದ ಫೋನು ತೆಗೆದು ನನ್ನ ಮುಂದೆ ಹಿಡಿದು, “ನೀವ ಹೇಳ್ರಿ, ಇದು ಅವರ ಮನಿ ಹೌದೋ ಅಲ್ಲೋ?” ಅಂದಳು.

ಮನೆ ಅವರದೇ, ಆದರೆ ಆ ಹೊಲಸನ್ನು ಹಾಕಿದ್ದು ವಿಡಿಯೋ ತೆಗೆದ ಹುಡುಗ, ಆಗ ನಾನು ಅಲ್ಲಿ ಇರಲೇ ಇಲ್ಲ ಅಂದೆ. “ನೀವು ಇರಲಿಲ್ಲ ಅಂದಮ್ಯಾಲ ಅಂವ ಹಾಕಿದ್ದು ನಿಮಗ ಹೆಂಗ ಗೊತ್ತು?” ಅಂದಳು ಚಂದ್ರಬಾಯಿ. ಅಕ್ಕಾ, ನಾನು ಚಹಾದ ಲೋಟ ಬಾಯಿಗಿಟ್ಟುಕೊಂಡೆ. ಇವರು ಏನೇನೋ ಹೇಳಿದರು, ಕೈಮುಗಿದರು. ಬಾಡಿಗೆದಾರರ ಪರ ಮಾತಾಡುವುದು ನಿಮ್ಮ ಕೆಲಸ, ಅದು ದೊಡ್ಡ ಗುಣ ಅಂತ ಮಾಪಣ್ಣ ನಮ್ಮನ್ನು ಹೊಗಳಿ, ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಆ ಹೊಗಳಿಕೆ ಕೇಳುತ್ತಾ ಚಪ್ಪಲಿ ಹುಡುಕಿದೆನಲ್ಲ, ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ವಾಪಸು ಬರುವಾಗ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನಾನೂ ದಾನಮ್ಮನೂ ಒತ್ತಿಕೊಂಡು ನಿಂತಿದ್ದೆವು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಡೊಂಬಿವಲಿ ದಾಟಿದ ಮೇಲೆ ಮೆಲ್ಲಗೆ, “ಅಕ್ಕಾರ, ಕೀಲಿ ನಿಮ್ಮ ಕೈಯಾಗ ಇತ್ತಲ್ರಿ?” ಅಂತ ಕೇಳಿದಳು. ನಾನು ಹ್ಞೂಂ ಅಂದೆ.  ಮರುದಿನದಿಂದ ಅವಳು ಕೀಲಿಯನ್ನು ಎದುರುಮನೆಯ ಪೂವಪ್ಪನ ಹೆಂಡತಿಗೆ ಕೊಟ್ಟು ಹೋಗುತ್ತಿದ್ದಾಳೆ.

ಇವರು ಆ ಹುಡುಗನ ಮೇಲೆ ಕೆಂಡವಾಗಿದ್ದಾರೆ. ಅವನನ್ನು ಹಿಡಿದು ದಿವಾಕ್ಕೆ ಎಳೆದೊಯ್ದು ತಪ್ಪೊಪ್ಪಿಸಬೇಕಂತೆ. ನಂಬರು ಕೊಡು, ನಂಬರು ಕೊಡು ಅಂತ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಕಳೆದುಹೋಗಿದೆ ಅಂತ ಹೇಳಿದ್ದೇನೆ.

ನಮ್ಮ ಓಣಿಯ ಹಳೇ ಮನೆಗಳೆಲ್ಲ ಎದ್ದು ನಿಂತವು ಅಕ್ಕಾ, ಆದರೆ ಒಳಗೆ ಬದುಕುವವಳ ಮಾನವನ್ನು ಬೀದಿಗೆ ಹಾಕಿದೆವು. ಮನೆ ಹಳತಾಗಿತ್ತು, ಅವಳ ಸಂಸಾರ ಹೊಲಸಾಗಿರಲಿಲ್ಲ. ನನಗೆ ಹೆಂಚಿನ ಆಸೆಯಲ್ಲಿ ಅದು ಕಾಣಲಿಲ್ಲ. ಈಗ ಓಣಿಯಲ್ಲಿ ಯಾರಾದರೂ ನಮ್ಮ ಕೆಲಸ ಹೊಗಳಿದರೆ ಒಳಗೆ ಓಡಿಹೋಗಿ ಪಾತ್ರೆ ತಿಕ್ಕುತ್ತಾ ನಿಲ್ಲುತ್ತೇನೆ. ನೀನಂತೂ ಹೊಗಳಬೇಡ. ವಿಡಿಯೋ ಅಳಿಸು, ಕಳಿಸಿದವರಿಗೆಲ್ಲ ಅದು ಸುಳ್ಳು ಅಂತ ಹೇಳು. ಭಾವನ ಮಂಡಿನೋವು ಹೇಗಿದೆ, ಬರೆ.

ನಿನ್ನ ತಂಗಿ,
ಶ್ರೀಮತಿ

ತಾ.ಕ.: ಪತ್ರ ಬರೆದಿಟ್ಟು ಎರಡು ದಿನ ಅಂಚೆಗೆ ಹಾಕದೆ ಕೂತೆ. ಓದಿದಷ್ಟು ಸಲವೂ ಅಸಹ್ಯವಾಯಿತು. ವಿಡಿಯೋ ಹುಡುಗ ಅಂತ ಯಾರೂ ಇಲ್ಲ ವಿಮಲಕ್ಕಾ. ತೆಗೆದದ್ದು ನಾನೇ, ನನ್ನ ಫೋನಿನಲ್ಲಿ. ಕೊಚ್ಚೆ ಎರಚಿದ್ದೂ ನಾನೇ. ಇವರಿಗೆ ಹೇಳಿದ ಸುಳ್ಳನ್ನು ನಿನಗೂ ಹೇಳಲು ಹೊರಟಿದ್ದೆ. ಇವತ್ತು ಬೆಳಿಗ್ಗೆ ಇವರಿಗೆ ನಿಜ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ವಿಡಿಯೋ ತೆಗೆದುಹಾಕಿದರು, ಹೆಂಚು ಕೊಟ್ಟವರಿಗೆ ಫೋನು ಮಾಡಿ ನಿಜ ತಿಳಿಸಿದರು. ಆಮೇಲೆ ನಾನು ದಾನಮ್ಮನ ಮುಂದೆ ಹೋಗಿ ಹೇಳಿಕೊಂಡೆ. ನನಗ್ಯಾಕ ಹೇಳ್ತೀರಿ, ದಿವಾಕ್ಕ ಹೋಗಿ ಹೇಳ್ರಿ ಅಂದಳು. ಒಬ್ಬಳೇ ಹೋದೆ. ಚಂದ್ರಬಾಯಿ ಎಲ್ಲ ಕೇಳಿಸಿಕೊಂಡು, ಫೋನಿನಲ್ಲಿ ಇಳಿಸಿಟ್ಟುಕೊಂಡಿದ್ದ ವಿಡಿಯೋವನ್ನು ಮತ್ತೆ ಹಚ್ಚಿದಳು. ಒಲೆಯ ಹತ್ತಿರದ ಮಸಿಬಟ್ಟೆ, ಕೊಳೆತ ಕೋಸಿನ ಎಲೆ, ಜಿಡ್ಡು ಹಿಡಿದ ಬಾಣಲೆ, ಒಂದೊಂದರ ಮೇಲೂ ಬೆರಳಿಟ್ಟು, “ಅವರ ಮನಿಯಾಗ ಇರಲಿಲ್ಲ ಅಂದ್ರ ಇದೆಲ್ಲ ಎಲ್ಲಿಂದ ಬಂತು?” ಅಂದಳು. ದಾನಮ್ಮನ ಮನೆಯಲ್ಲಿ ಹುಡುಕಿದೆ, ಸಿಗಲಿಲ್ಲ, ನಮ್ಮ ಅಡುಗೆಮನೆಯಿಂದ ತಂದೆ ಅಂದೆ. ಅವಳು ಫೋನು ಆರಿಸಿ ಪಕ್ಕಕ್ಕಿಟ್ಟಳು. ಮುಂದಿನ ಗುರುವಾರ ಕಾಂಚನಾಳಿಗೆ ಸೀರೆ ತಗೊಂಡು ಠಾಕುರ್ಲಿಗೆ ಬರುತ್ತಾಳಂತೆ, ದಾನಮ್ಮನ ಮನೆಯಲ್ಲೇ ಊಟವಂತೆ. ಖುಷಿಯಲ್ಲಿ ನಾನು, ಹಾಗೇ ನಮ್ಮ ಮನೆಗೂ ಬಂದು ಹೋಗಿ ಅಂದುಬಿಟ್ಟೆ. “ಬ್ಯಾಡ್ರಿ ಅಕ್ಕಾರ. ನಿಮ್ಮ ಒಲಿ ನೋಡೀನಿ, ನಿಮ್ಮ ಮನಿಯಾಗ ನೀರು ಸುದ್ದಾ ಕುಡಿಯೂದಿಲ್ಲ” ಅಂದಳು.